ಬಿಟ್ಟುಹೋದ ಮೂರು ಪ್ರಶ್ನೆ

ನಮ್ಮ ಪ್ರೆಸ್ಸಿನಲ್ಲಿ ಕರಡು ತಿದ್ದುವ ಅಕ್ಕನನ್ನು ನಾವೆಲ್ಲ ಭೂತಗನ್ನಡಿ ಎಂದೇ ಕರೆಯುವುದು. ಅವಳ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಅಚ್ಚಿಗೆ ಹೋಗಲಾರದು. ಹದಿನೆಂಟನೇ ವಯಸ್ಸಿಗೆ ಅಚ್ಚಿನ ಮೊಳೆ ಜೋಡಿಸಲು ಬಂದವಳು; ಅಕ್ಷರ ತಲೆಕೆಳಗಾಗಿರಲಿ, ಅಡ್ಡ ಬಿದ್ದಿರಲಿ, ನಾವು ಬೋರ್ಡು ಓದಿದಷ್ಟೇ ಸಲೀಸಾಗಿ ಓದುತ್ತಾಳೆ. ಯಜಮಾನರ ಮೇಜಿನ ಮೇಲಿನ ಪತ್ರವನ್ನು ಎದುರು ನಿಂತೇ ಓದಿ ನಮಗೆಲ್ಲ ಸುದ್ದಿ ಮುಟ್ಟಿಸುವವಳೂ ಅವಳೇ.

ನಲವತ್ತಾರಕ್ಕೆ ಗರ್ಭಕಂಠದ ಕ್ಯಾನ್ಸರ್ ಬಂತು. ರೇಡಿಯೇಶನ್ ಮುಗಿಸಿ ಕೆಲಸಕ್ಕೆ ಮರಳಿದಾಗ ಎಲ್ಲರೂ ಗೆದ್ದು ಬಂದೆ ಎಂದರು. ಪಕ್ಕದ ಮೇಜು ನನ್ನದಾದ್ದರಿಂದ ನನಗೆ ಹಾಗನ್ನಿಸಲಿಲ್ಲ. ವರ್ಷ ಕಳೆದರೂ ಅವಳು ಕೂತಲ್ಲಿ ಕೂರುತ್ತಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಕಿಟಕಿಗೆ, ನೀರಿನ ಕ್ಯಾನಿಗೆ, ಮತ್ತೆ ಕಿಟಕಿಗೆ. ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಹೆರೆಯುವುದು. ಒಂದೇ ಪುಟವನ್ನು ಮೂರು ಸಲ ಓದಿ, ಏನು ಓದಿದೆ ಎಂದು ನನ್ನನ್ನೇ ಕೇಳುವುದು.

"ಏನಕ್ಕಾ ನಿನ್ನ ಕಥೆ? ಆರಾಮಾಗಿದ್ದೀಯ ಅಂತ ಡಾಕ್ಟ್ರೇ ಹೇಳಿದಾರಲ್ಲ?" ಎಂದು ಒಂದು ದಿನ ರೇಗಿದೆ.

"ಆರಾಮು!" ಎಂದಳು. ಪೆನ್ಸಿಲು ಮುರಿಯಿತು. "ನಮ್ಮನೆಯೋರು ಹಾಲ್‌ನಲ್ಲಿ ಮಲಗ್ತಾರೆ ಕಣೇ. ಒಂದೂವರೆ ವರ್ಷ ಆಯ್ತು. ತಲೆ ಬಾಚ್ತಾರೆ, ಮಾತ್ರೆ ಕೊಡ್ತಾರೆ, ಬಟ್ಟೆ ಒಗೀತಾರೆ. ಆದ್ರೆ ಸುಮ್ನೆ ನನ್ನ ಕೈ ತಾಗಿದ್ರೆ ಬಿಸಿ ಪಾತ್ರೆ ಮುಟ್ಟಿದೋರ ಥರ ಹಿಂದಕ್ಕೆ ತಗೋತಾರೆ. ನಾನು ಅವರಿಗೆ ಹೇಸಿಗೆ ಆಗ್ಬಿಟ್ಟಿದೀನಿ."

ಲಿಫ್ಟ್ ರಿಪೇರಿ ಮಾಡುವ, ಮಾತೇ ಆಡದ ಆ ಮನುಷ್ಯನ ಮೇಲೆ ನನಗೆ ಮೈಯೆಲ್ಲ ಉರಿಯಿತು. ನೇರವಾಗಿ ಕೇಳಿಬಿಡು ಎಂದೆ.

"ಹೌದು ಅಂದ್ಬಿಟ್ರೆ?" ಎಂದಳು.

ಮೂರು ತಿಂಗಳಿಗೊಮ್ಮೆ ಗಂಡ ಹೆಂಡತಿ ಇಬ್ಬರೂ ತಪಾಸಣೆಗೆ ಆಸ್ಪತ್ರೆಗೆ ಹೋಗುತ್ತಿದ್ದರು. ಡಾಕ್ಟರನ್ನು ಕಾಣುವ ಮುಂಚೆ ಒಬ್ಬ ನರ್ಸ್ ಊಟ, ನಿದ್ದೆ, ನೋವು ಎಲ್ಲವನ್ನೂ ಕೇಳಿ ಫಾರಂನಲ್ಲಿ ಗುರುತು ಹಾಕಿಕೊಳ್ಳುವುದು ವಾಡಿಕೆ. ಯಾವಾಗಲೂ ಫಾರಂ ನರ್ಸ್ ತೊಡೆಯ ಮೇಲಿರುತ್ತಿತ್ತು. ಈ ಸಲ ಎದುರುಬದುರು ಕೂರಿಸಿ ಅದನ್ನು ಮೇಜಿನ ಮೇಲಿಟ್ಟಳು. ಮುಂದೆ ನಡೆದದ್ದನ್ನು ಅಕ್ಕ ಮರುದಿನ ನನಗೆ ಹೇಳಿದಳು, ಆಗಲೂ ಕೂತಲ್ಲ, ಓಡಾಡುತ್ತಲೇ.

ನರ್ಸ್ ಇಪ್ಪತ್ತೆರಡನೇ ಪ್ರಶ್ನೆಯಿಂದ ಇಪ್ಪತ್ತಾರಕ್ಕೆ ಹಾರಿದಳು. ನಡುವಿನ ಮೂರಕ್ಕೂ ತಾನೇ 'ಅನ್ವಯಿಸುವುದಿಲ್ಲ' ಎಂದು ಸರಸರನೆ ಗೀಚಿದಳು.

"ಸಿಸ್ಟರ್, ಮೂರು ಪ್ರಶ್ನೆ ಬಿಟ್ರಲ್ಲ?"

"ಅವು ನಿಮಗೆ ಬೇಡಮ್ಮ. ಚಿಕ್ಕ ವಯಸ್ಸಿನೋರಿಗೆ."

"ವಯಸ್ಸಿನ ಮಾತು ಅದರಲ್ಲಿ ಎಲ್ಲೂ ಇಲ್ಲ. ನಾನು ಓದಿದೆ."

ನರ್ಸ್ ಕಕ್ಕಾಬಿಕ್ಕಿಯಾದಳು. "ಸರ್, ನೀವು ಸ್ವಲ್ಪ ಹೊರಗೆ..."

"ಅವರು ಇರ್ಲಿ. ನೀವು ಕೇಳಿ."

"ಕಳೆದ ನಾಲ್ಕು ವಾರಗಳಲ್ಲಿ ಲೈಂಗಿಕ ಬಯಕೆ ಉಂಟಾಗಿತ್ತೇ? ಇಲ್ಲ, ಸ್ವಲ್ಪ, ಸಾಕಷ್ಟು, ಬಹಳ." ನರ್ಸ್ ಒಂದೇ ಉಸಿರಿಗೆ ಓದಿ ಮುಗಿಸಿದಳು.

"ಬಹಳ" ಎಂದಳು ಅಕ್ಕ. ಗಂಡನ ಕಡೆ ತಿರುಗಲು ಧೈರ್ಯ ಬರಲಿಲ್ಲ.

"ಲೈಂಗಿಕ ಸಂಪರ್ಕದಿಂದ ತೊಂದರೆಯಾದೀತೆಂಬ ಭಯ ಇತ್ತೇ?"

ಅಕ್ಕ ಬಾಯಿ ತೆರೆಯುವ ಮುಂಚೆಯೇ ಪಕ್ಕದಿಂದ ಗಂಡನ ದನಿ ಬಂತು. "ಬಹಳ."

"ಸರ್, ಇದನ್ನ ಪೇಷಂಟ್ ಹೇಳ್ಬೇಕು."

"ಗೊತ್ತು. ಆದ್ರೂ ಬರ್ಕೊಳ್ಳಿ. ನಾನು ಮುಟ್ಟಿದ್ರೆ ಇವಳಿಗೆ ಮತ್ತೆ ಬಂದ್ಬಿಡುತ್ತೇನೋ ಅಂತ..."

ನರ್ಸ್ ಪೆನ್ನು ಕೆಳಗಿಟ್ಟಳು. ಅದರಿಂದ ಕ್ಯಾನ್ಸರ್ ಮರಳುವುದಿಲ್ಲ, ಯಾರಿಗೂ ಅಂಟುವುದೂ ಇಲ್ಲ. ರೇಡಿಯೇಶನ್ ಆದವರಿಗೆ ಒಳಗೆ ಒಣಗುವುದು, ಬಿಗಿಯಾಗುವುದು ಉಂಟು, ಅದಕ್ಕೆ ಜೆಲ್ ಇದೆ, ಬೇರೆ ಉಪಾಯಗಳೂ ಇವೆ, ಡಾಕ್ಟರು ಹೇಳಿಕೊಡುತ್ತಾರೆ ಎಂದಳು. ಇಷ್ಟೇ ಮಾತು. ಇಷ್ಟನ್ನು ಹೇಳಲು ಒಂದು ಆಸ್ಪತ್ರೆಗೆ ಒಂದೂವರೆ ವರ್ಷ ಬೇಕಾಯಿತೇ ಎಂದು ನನಗೆ ಇವತ್ತಿಗೂ ಸಿಟ್ಟು.

ಅಕ್ಕನಿಗೆ ಅದರಲ್ಲಿ ಅರ್ಧವೂ ಕಿವಿಗೆ ಬೀಳಲಿಲ್ಲ. ಅಳು ಒತ್ತರಿಸಿ ಬಂತು, ಅದಕ್ಕಿಂತ ಹೆಚ್ಚಾಗಿ ಕೋಪ ಬಂತು. "ಒಂದೂವರೆ ವರ್ಷ! ನಿಮಗೆ ಬಾಯಿ ಇರ್ಲಿಲ್ವಾ?" ಎಂದು ಗಂಡನ ಮೇಲೆ ಹರಿಹಾಯ್ದಳು.

ಅವರು ಕಣ್ಣೊರೆಸಿಕೊಂಡರು.

"ನಿನಗಿತ್ತಾ?" ಎಂದರು.