ಆಚೆ ದಡ ಕಾಣದ ನೀರು

ನಮ್ಮತ್ತೆಯ ಬಲಗೈ ಹೆಬ್ಬೆರಳು, ತೋರುಬೆರಳು ಸದಾ ಬೂದಿಯ ಬಣ್ಣ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಉದ್ದೆಳೆಗಳ ಹಳೆಯ ಹಾಸು ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಎಳೆ ಹೊಸೆದು ಕೂಡಿಸಲು ಎಲ್ಲರೂ ಅವರನ್ನೇ ಕರೆಯುತ್ತಿದ್ದರು. ಜಾರದಿರಲೆಂದು ಬೆರಳಿಗೆ ಮುಟ್ಟಿಸಿಕೊಂಡ ಬೂದಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಒಂದು ಎಳೆ ತಪ್ಪಿಸಿಕೊಂಡರೂ ಬಿಡುವವರಲ್ಲ. "ಹುಡುಕಿದ್ರೆ ಯಾಕ್ ಸಿಗಲ್ಲ?" ಎನ್ನುವುದು ಅವರ ಮಾತು. ನಾನು ಕಳೆದ ಸೂಜಿ, ಬಟ್ಟಲು, ಕಿವಿಯ ತಿರುಪು ಎಲ್ಲಕ್ಕೂ ಇದನ್ನೇ ಕೇಳಿಸಿಕೊಂಡು ಒಳಗೊಳಗೇ ಉರಿದುಕೊಂಡಿದ್ದೇನೆ.

ಅದೇ ಮಾತು ನನ್ನ ಯಜಮಾನರನ್ನು ಸುಟ್ಟಿತು. ಅರವತ್ತರ ದಶಕದ ಕೊನೆಯಲ್ಲಿ ನನ್ನ ಮೈದುನ ಸೀರೆ ಮಾರಲು ಕುಂದಾಪುರದ ಕಡೆ ಹೋಗಿದ್ದವನು ಸಮುದ್ರಕ್ಕೆ ಸ್ನಾನಕ್ಕಿಳಿದು ತಿರುಗಿ ಬರಲಿಲ್ಲ. ಇವರು ಹೋಗಿ ದಡದುದ್ದಕ್ಕೂ ಅಲೆದು ಬರಿಗೈಯಲ್ಲಿ ಬಂದರು. ಅತ್ತೆ ಕಂಡಿದ್ದ ನೀರೆಂದರೆ ನಮ್ಮೂರ ಕೆರೆ. ಅಲ್ಲಿ ಯಾರಾದರೂ ಮುಳುಗಿದರೆ ಜನ ಇಳಿದು, ಬಲೆ ಬೀಸಿ, ದೇಹ ಸಿಕ್ಕ ಮೇಲೇ ಮನೆಗೆ ಹೋಗುತ್ತಿದ್ದರು. ತಮ್ಮನನ್ನು ನೀರಲ್ಲೇ ಬಿಟ್ಟು ಬಂದನೆಂದು ಅತ್ತೆ ಹಿರಿಮಗನ ಜೊತೆ ಮಾತು ಬಿಟ್ಟರು. ತಿಥಿ ಮಾಡಲೂ ಒಪ್ಪಲಿಲ್ಲ. ಊಟಕ್ಕೆ ಕರೆಯಬೇಕಾದರೂ ನನ್ನ ಮೂಲಕವೇ. ಇಬ್ಬರ ನಡುವೆ ಸಿಕ್ಕಿ ನಾನು ಹೈರಾಣಾದೆ.

ಕೆಲವು ವರ್ಷಗಳ ಮೇಲೆ ಬೀದಿಯವರೊಂದಿಗೆ ಕೊಲ್ಲೂರಿಗೆ ಹೋದೆವು. ಕೊಡಚಾದ್ರಿ ಹತ್ತುವ ಮಾತು ಬಂದಾಗ ಮೊದಲು ಸೆರಗು ಬಿಗಿದವರು ಅತ್ತೆಯೇ. ಮೇಲೆ ಬೆಟ್ಟದ ಬೆನ್ನಿನ ಮೇಲೆ ಸಣ್ಣ ಕಾಲುದಾರಿ. ಎರಡೂ ಕಡೆ ಕಣಿವೆ, ಹುಲ್ಲು ಮಲಗಿಸುವ ಗಾಳಿ. ನನ್ನ ಕೈ ಹಿಡಿದು ಅತ್ತೆ ಮುಂದೆ, ಎಲ್ಲರಿಗಿಂತ ಹಿಂದೆ ಇವರು. ಮಂಜು ಸರಿದು ಪಡುವಣದಲ್ಲಿ ಏನೋ ಹೊಳೆಯಿತು. ಜೊತೆಯವರು ಅದೇ ಸಮುದ್ರ ಎಂದರು.

ಅತ್ತೆ ನಿಂತುಬಿಟ್ಟರು. ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಆಚೆ ದಡ ಎಲ್ಲಮ್ಮಾ?" ಎಂದು ನನ್ನನ್ನು ಕೇಳಿದರು.

ನಾನೂ ಸಮುದ್ರ ಕಂಡದ್ದು ಅಂದೇ ಮೊದಲು. ಹಿಂದಿನಿಂದ ಇವರು ಮೆಲ್ಲಗೆ, "ಆಚೆ ದಡ ಕಾಣಲ್ಲ ಕಣಮ್ಮ" ಎಂದರು.

ಅತ್ತೆ ತಿರುಗಿ ಮಗನ ಮುಖ ನೋಡಿದರು. "ಇಷ್ಟ್ ನೀರಲ್ಲಿ ನೀನೊಬ್ನೇ ಹುಡುಕಿದ್ಯೇನಪ್ಪಾ?"

ಇವರು ದಾರಿಯಲ್ಲೇ ಕುಕ್ಕರಿಸಿ ಅತ್ತುಬಿಟ್ಟರು. ಅತ್ತೆ ಪಕ್ಕದಲ್ಲಿ ಕೂತು, ಬುತ್ತಿಯ ಗಂಟು ಬಿಚ್ಚಿ, ಮೊದಲ ತುತ್ತನ್ನು ಮಗನ ಕೈಗಿಟ್ಟರು. ಅಷ್ಟು ವರ್ಷ ನನ್ನೊಳಗಿದ್ದ ಸಿಟ್ಟು ಅಲ್ಲೇ ಇಳಿದುಹೋಯಿತು. ತಪ್ಪು ತಿಳಿದ ಕೂಡಲೇ ಮಕ್ಕಳ ಮುಂದೆ ಬಾಗಿದ ಹಿರಿಯರನ್ನು ನಾನು ಹೆಚ್ಚು ಕಂಡಿಲ್ಲ.

ಊರಿಗೆ ಬಂದು ಮೈದುನನ ತಿಥಿ ಮಾಡಿದೆವು. ಅತ್ತೆಯೇ ಅವನಿಗಿಷ್ಟದ ಅಡುಗೆ ಮಾಡಿ ಎಡೆ ಇಟ್ಟರು. ಆಮೇಲೆ ನಾನು ಏನು ಕಳೆದರೂ ಅವರು ಆ ಹಳೆಯ ಮಾತು ಆಡಲಿಲ್ಲ, ತಾವೂ ಬಗ್ಗಿ ನನ್ನ ಜೊತೆ ಹುಡುಕುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುವ ಮುಂಚೆ ಅತ್ತೆ ಹೋದರು. ಬಾಯಿಗೆ ಕೊನೆಯ ನೀರು ಬಿಟ್ಟದ್ದು ಹಿರಿಮಗನೇ. ಮೈ ತೊಳೆಸುವಾಗ ಆ ಎರಡು ಬೆರಳಿನ ಬೂದಿಯನ್ನು ಮಾತ್ರ ನಾನು ಉಜ್ಜಲಿಲ್ಲ.