ಕಾಶ್ ಹುಲ್ಲಿನ ಅರ್ಧ ಅಚ್ಚು

ಬಂಗಾಳದ ಸಾಲ್ಟ್ ಲೇಕಿನ ನಮ್ಮ ಎರಡನೇ ಮಹಡಿಯ ಅಡುಗೆಮನೆ ಕಿಟಕಿಯೆದುರು ಒಂದು ಖಾಲಿ ನಿವೇಶನವಿತ್ತು. ದುರ್ಗಾಪೂಜೆಗೆ ಮುಂಚೆ ಅಲ್ಲಿ ಕಾಶ್ ಹುಲ್ಲು ಆಳೆತ್ತರ ಬೆಳೆದು ಬೆಳ್ಳಗೆ ಹೂ ಬಿಡುತ್ತಿತ್ತು. ಆ ವರ್ಷ ಅಲ್ಲಿಗೂ ಕಂಪ್ಯೂಟರ್ ಕಂಪನಿಯ ಕಟ್ಟಡ ಬರುತ್ತದೆಂದು ತಗಡಿನ ಬೇಲಿ ಎದ್ದಿತು. ಹುಲ್ಲು ಹೋಗುವ ಮೊದಲು, ಅದನ್ನು ನೋಡಿಕೊಂಡೇ ಅಚ್ಚೊತ್ತಲು ಲಿನೋಲಿಯಂ ಎಂಬ ರಬ್ಬರಿನಂಥ ದಪ್ಪ ಹಾಳೆಯಲ್ಲಿ ಕೊರೆದು ಮುಗಿಸಬೇಕೆಂದು ನನಗೊಂದು ಹಟ.

ಅಚ್ಚಿನ ಕೆಲಸವನ್ನು ಕೆಳಗಿನ ಮನೆಯ ಬಂಗಾಳಿ ಟೀಚರಮ್ಮ ಹೇಳಿಕೊಡುತ್ತಿದ್ದರು. ಮೊದಲ ಪಾಠದಲ್ಲೇ ಎಡವಿದ್ದೆ. ದಿನಾ ಬೆಳಿಗ್ಗೆ ರಂಗೋಲಿ ಎಳೆಯುವ ಕೈ ತಾನೇ, ಬೇವಿನೆಲೆ ಬರೆದು ಗೆರೆಯ ಮೇಲೆಯೇ ಉಳಿ ಓಡಿಸಿದೆ. ಲಿನೋದಲ್ಲಿ ಕೊರೆದ ಜಾಗಕ್ಕೆ ಮಸಿ ಹತ್ತುವುದಿಲ್ಲ. ಕೊರೆಯದೆ ಬಿಟ್ಟದ್ದಷ್ಟೇ ಕಾಗದಕ್ಕೆ ಇಳಿಯುತ್ತದೆ. ಕಪ್ಪು ಚೌಕದೊಳಗೆ ಎಲೆಯ ಬಿಳಿ ಎಲುಬು ಬಂತು.

“ಬೌದಿ, ಇದು ಎಲೆಯಲ್ಲ, ಎಲೆಯ ಎಕ್ಸ್-ರೇ,” ಎಂದು ಅವರು ಹಿಂದಿಯಲ್ಲಿ ಹೇಳಿ ನಕ್ಕರು. ಬೌದಿ ಅಂದರೆ ಅವರಲ್ಲಿ ಅತ್ತಿಗೆ.

ಕಾಶ್ ಹೂವಿಗೆ ಮಾತ್ರ ಆ ತಪ್ಪೇ ಬೇಕಾಗಿತ್ತು. ಗಾಳಿಗೆ ಒಂದೇ ಕಡೆ ಬಾಗಿದ ಸಣ್ಣ ಸಣ್ಣ ಬಿಳಿ ಗೆರೆ. ಆದರೆ ಪುರುಸೊತ್ತೆಲ್ಲಿ? ಊಟವಾಗಿ ಪಾತ್ರೆ ತೊಳೆದ ಮೇಲೆ, ಲಿನೋವನ್ನು ಇಸ್ತ್ರಿಪೆಟ್ಟಿಗೆಯಿಂದ ಒಂದಿಷ್ಟು ಬೆಚ್ಚಗೆ ಮಾಡಿ, ಮೆತ್ತಗಾದೊಡನೆ ಕೂರುತ್ತಿದ್ದೆ. ನಾಲ್ಕು ಹೂ ಆಗುವಷ್ಟರಲ್ಲಿ ಹೆಬ್ಬೆರಳ ಬುಡ ಸೆಳೆಯುತ್ತಿತ್ತು. ಅಷ್ಟರಲ್ಲಿ ಮಗಳ ಶಾಲೆ ಬಸ್ಸು ಬಂದುಬಿಡುತ್ತಿತ್ತು.

ನಮ್ಮವರು ಆಫೀಸಿನಿಂದ ಬಂದು ಊಟದ ಮೇಜಿನ ಮೇಲೆ ಲಿನೋದ ಸಿಪ್ಪೆ ಕಂಡರೆ, “ಏನೇ, ಇವತ್ತೂ ಹುಲ್ಲಿನ ಪಲ್ಯನಾ?” ಅನ್ನುತ್ತಿದ್ದರು.

“ಹೌದು ರೀ. ತಿಂದು ಸುಮ್ನೆ ಮೆಲುಕು ಹಾಕಿ.”

ಒಂದು ಬೆಳಿಗ್ಗೆ ದೋಸೆಗೆ ರುಬ್ಬುತ್ತಿದ್ದೆ. ಮಿಕ್ಸಿ ನಿಲ್ಲಿಸಿದರೂ ಸದ್ದು ನಿಲ್ಲಲಿಲ್ಲ. ಕಿಟಕಿಯಲ್ಲಿ ನೋಡಿದರೆ ಹಳದಿ ಯಂತ್ರವೊಂದು ಹುಲ್ಲನ್ನು ಬುಡಸಮೇತ ಕೆರೆದು ಗುಡ್ಡೆ ಹಾಕುತ್ತಿತ್ತು. ಮಧ್ಯಾಹ್ನಕ್ಕೆ ಬರೀ ಬೂದು ಕೆಸರು. ನನ್ನ ಹಾಳೆಯಲ್ಲಿ ಹೂಗಳಷ್ಟೇ ಆಗಿದ್ದವು, ದಂಟುಗಳು ಬಾಕಿ.

ಶಾಲೆಯಿಂದ ಬಂದ ಮಗಳು, “ಇಂಟರ್ನೆಟ್‌ನಲ್ಲಿ ಫೋಟೋ ಸಿಗತ್ತೆ ನಾ ಅಮ್ಮಾ, ಕಾಪಿ ಮಾಡು,” ಅಂದಳು.

“ಅದು ಬೇರೆ ಎಲ್ಲಿಯದೋ ಹುಲ್ಲು ಕಣೇ.”

“ಗ್ರಾಸ್ ತೋ ಗ್ರಾಸ್ ಹೈ, ಅಮ್ಮಾ. ಎಲ್ಲಾ ಹುಲ್ಲೂ ಒಂದೇ.”

ಮಾರನೆಯ ದಿನ ಹಾಳೆಯನ್ನು ಟೀಚರಮ್ಮನ ಬಳಿಗೆ ಒಯ್ದೆ. ದಂಟನ್ನು ನೆನಪಿನಿಂದ ಕೊರೆಯಿರಿ ಅಂದರು. ಉಳಿ ಹಿಡಿದು ಕೂತೆ. ವರ್ಷವರ್ಷವೂ ಕಿಟಕಿಯಲ್ಲಿ ನಿಂತು ನಾನು ನೋಡಿದ್ದು ಹೂವನ್ನೇ. ಬುಡದಲ್ಲಿ ಹೇಗಿತ್ತೋ, ಏನು ಮಾಡಿದರೂ ಕಣ್ಣಿಗೆ ಬರಲಿಲ್ಲ. ಉಳಿ ಕೆಳಗಿಟ್ಟು, ಇದ್ದ ಹಾಗೆಯೇ ಮಸಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿದೆ. ಮೇಲೆ ಹೂಗಳು. ಕೆಳಗೆ, ಕೊರೆಯದ ಅರ್ಧ ಹಾಳೆ, ಗಟ್ಟಿ ಕಪ್ಪು.

“ಇನ್ನೊಂದು ಪ್ರತಿ ತೆಗೆಯೋಣವಾ, ಬೌದಿ?”

“ಸಾಕು, ದಿದಿ,” ಅಂದೆ. ಕೈ ತೊಳೆಯಲು ಎದ್ದೆ.