ಹೆಸರಷ್ಟೇ ಓದು

ಆ ಬೀದಿಯಲ್ಲಿ ಯಾರ ಬೆನ್ನು ಗೂನು, ಯಾರ ಕಾಲು ಗಿಡ್ಡ ಎಂಬುದು ದೇವರನ್ನು ಬಿಟ್ಟರೆ ಟೈಲರನಿಗಷ್ಟೇ ಗೊತ್ತಿತ್ತು. ಮೂವತ್ತು ವರ್ಷ ಅದೇ ಅಂಗಡಿ, ಅದೇ ಮಿಷಿನ್ನು. ಬಂದವರ ಹೆಸರು, ತಾರೀಖು, ಅಳತೆ ಎಲ್ಲ ಪುಸ್ತಕದಲ್ಲಿ ಬರೆಯುತ್ತಿದ್ದ. ಪಕ್ಕದಲ್ಲೊಂದು ಮಾತು: 'ಬಲಗಾಲು ಅರ್ಧ ಇಂಚು ಗಿಡ್ಡ', 'ಭುಜಕ್ಕೆ ಹತ್ತಿ ಇಡು'. ಹೊಲಿದು ಕೊಟ್ಟ ಮೇಲೆ ಊನ ಕಾಣುತ್ತಿರಲಿಲ್ಲ. ಅದರ ಬಗ್ಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಪಕ್ಕದಲ್ಲೇ ಕೂತು ಕಾಜಾ ಹಾಕುವ ಹೆಂಡತಿಗೂ ಹೇಳುತ್ತಿರಲಿಲ್ಲ.

"ನನ್ನ ಅಳತೆನೂ ಬರ್ದಿದೀರಾ?" ಎಂದು ಒಮ್ಮೆ ಕೇಳಿದ್ದಳು.

"ನಿಂದು ದಿನಾ ಬದಲಾಗುತ್ತೆ ಕಣೇ. ಪುಸ್ತಕ ಸಾಲಲ್ಲ."

ಸೋಂಕಿನ ವರ್ಷ ಅವನಿಗೂ ಜ್ವರ ಬಂತು. ಯಾರು ಯಾರ ಹತ್ತಿರ ಸುಳಿದರೆಂದು ಗುರುತಿಟ್ಟುಕೊಳ್ಳುವ ಆ್ಯಪ್ ಅವನ ಫೋನಿನಲ್ಲಿತ್ತು. ಅಂಗಡಿಗೆ ಬಂದವರಲ್ಲಿ ಅರ್ಧ ಜನ ಅದನ್ನು ಹಾಕಿಕೊಂಡೇ ಇರಲಿಲ್ಲ. ಆಂಬುಲೆನ್ಸ್ ಹತ್ತುವಾಗ ಹೆಂಡತಿಗೆ ಹೇಳಿದ: "ಹೆಸರು ಕೇಳೋಕೆ ಬರ್ತಾರೆ. ಹದಿನೈದು ದಿನದ್ದು ಓದಿ ಹೇಳು. ಹೆಸರಷ್ಟೇ. ಪುಸ್ತಕ ಕೈಗೆ ಕೊಡ್ಬೇಡ."

ಮಾರನೆಯ ದಿನ ಆರೋಗ್ಯ ಇಲಾಖೆಯ ಹೆಣ್ಣುಮಗಳು ಬಂದು ಬಾಗಿಲಲ್ಲಿ ನಿಂತಳು. ಹೆಂಡತಿ ಓದಿದ್ದು ಮೂರನೇ ಕ್ಲಾಸು. ಗಂಡನದು ಕೋಳಿಕಾಲು ಅಕ್ಷರ. ಬೆರಳಿಟ್ಟು, ಕೂಡಿಸಿ ಕೂಡಿಸಿ ಓದಿದಳು. ನಾಲ್ಕು ಹೆಸರಿಗೆ ಕಾಲು ಗಂಟೆ ಹಿಡಿಯಿತು.

"ಅಕ್ಕಾ, ನಂಗಿನ್ನೂ ಹನ್ನೆರಡು ಮನೆ ಇದೆ. ಕೊಡಿ, ಫೋಟೋ ಹೊಡ್ಕೊಂಡ್ಬಿಡ್ತೀನಿ."

"ಯಾರಿಗೂ ತೋರ್ಸಲ್ಲ ತಾನೆ?"

"ಊರವರ ಸೊಂಟದ ಅಳತೆ ಕಟ್ಕೊಂಡು ನಾನೇನ್ ಮಾಡ್ಲಿ ಅಕ್ಕಾ?"

ಇಬ್ಬರೂ ನಕ್ಕರು. ಸರಾಗವಾಗಿ ಓದಲು ಬಾರದ ನಾಚಿಕೆ ಅವಳಿಗೆ. ಪುಸ್ತಕ ಕೊಟ್ಟುಬಿಟ್ಟಳು.

ಸಂಜೆ ಆಸ್ಪತ್ರೆಯಿಂದ ಗಂಡನ ಫೋನು. ಉಸಿರು ಎಳೆದೆಳೆದು ಮಾತಾಡಿದ.

"ಪುಸ್ತಕ ಕೊಟ್ಯಾ?"

"ಇಲ್ಲ ಕಣ್ರೀ. ಹೆಸರಷ್ಟೇ ಓದ್ದೆ."

"ಅಷ್ಟೂ ಓದಿದ್ಯಾ? ಭೇಷ್. ಟೀಚರಮ್ಮನ ರವಿಕೆಗೆ ಗುಂಡಿ ಹಾಕಿಡು."

ಅದೇ ಕೊನೆಯ ಮಾತು. ಮೂರನೇ ದಿನ ಹೋಗಿಬಿಟ್ಟ. ಆಸ್ಪತ್ರೆಯವರು ಮುಖವನ್ನೂ ತೋರಿಸಲಿಲ್ಲ.

ಫೋಟೋ ಯಾರಿಂದ ಯಾರಿಗೆ ಹೋಯಿತೋ, ವಾರದೊಳಗೆ ಬೀದಿಯವರ ಫೋನುಗಳಲ್ಲೆಲ್ಲ ಇತ್ತು. 'ಮೇಲಿನವರಿಗೆ ಬಿಟ್ಟು ಯಾರಿಗೂ ಕಳಿಸಿಲ್ಲ' ಎಂದು ಇಲಾಖೆಯವಳು ಅತ್ತಳು. ಆ ಪಟ್ಟಿಯಿಂದ ಇಬ್ಬರು ಬೇಗ ಆಸ್ಪತ್ರೆ ಸೇರಿ ಉಳಿದುಕೊಂಡದ್ದೂ ನಿಜ. ಹೆಸರು ಓದಿ ಹೇಳಿದ್ದರೂ ಉಳಿಯುತ್ತಿದ್ದರು. ಜನ ನೋಡಿದ್ದು ಟೀಚರಮ್ಮನ ಸಾಲನ್ನು: 'ಎಡ ಎದೆ ಇಲ್ಲ. ಒಳಗೆ ಹತ್ತಿ.' ಆಪರೇಷನ್ ಆಗಿ ಆರು ವರ್ಷವಾಗಿತ್ತು. ಜೊತೆಯ ಟೀಚರುಗಳಿಗೂ ಸುಳಿವಿರಲಿಲ್ಲ.

ಒಂದು ದಿನ ಟೀಚರಮ್ಮ ಬಂದರು. ಹೆಂಡತಿ ಗುಂಡಿ ಹಾಕಿಟ್ಟ ರವಿಕೆಯನ್ನು ಮುಂದೆ ಹಿಡಿದಳು.

"ನಿಮ್ಮ ಯಜಮಾನರಿಗೆ ಗೊತ್ತಾಯ್ತಾ?" ಟೀಚರಮ್ಮ ಕೇಳಿದರು.

"ಇಲ್ಲ. ಸುಳ್ಳು ಹೇಳ್ದೆ."

"ಒಳ್ಳೇದಾಯ್ತು."

ರವಿಕೆಯೊಳಗೆ ಕೈ ಹಾಕಿ ಹತ್ತಿಯನ್ನು ಒತ್ತಿ ನೋಡಿದರು. ಮಡಚಿ ಹಿಂದಕ್ಕೆ ಕೊಟ್ಟರು. "ಇನ್ನು ಇದ್ಯಾಕಮ್ಮ? ಎಲ್ರಿಗೂ ಗೊತ್ತಲ್ಲ."

ಅವರು ಹೋದ ಮೇಲೆ ಹೆಂಡತಿ ಪುಸ್ತಕದ ಆ ಪುಟ ತೆಗೆದು ಬೆರಳಿಟ್ಟು ಎಣಿಸಿದಳು. ಅವತ್ತು ಓದದೆ ಬಿಟ್ಟದ್ದು ಏಳೇ ಹೆಸರು.